ಕರಡಪ್ಪ ಕೊಂಡ ಹಗುರ ಫಿಲ್ಟರ್

ಅಚ್ಚುಕೂಟದವರು ವರ್ಷಕ್ಕೊಮ್ಮೆ ಬೆಟ್ಟ ಹತ್ತುವಾಗ ನೀರಿನ ಕ್ಯಾನು ಕರಡಪ್ಪನೇ ಹೊರಬೇಕೆಂದು ಯಾರೂ ಗೊತ್ತುಮಾಡಿರಲಿಲ್ಲ. ಮೊದಲ ವರ್ಷ ಪುಸ್ತಕ ಹೊಲಿಯುವ ಬೈಂಡರು "ಒಂಚೂರು ಹಿಡ್ಕೊಂಡಿರು" ಎಂದು ಅವನ ಕೈಗೆ ಕೊಟ್ಟು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದವನು ಮತ್ತೆ ವಾಪಸು ತೆಗೆದುಕೊಳ್ಳಲೇ ಇಲ್ಲ. ಅಂದಿನಿಂದ ಕ್ಯಾನು ಅವನ ಹೆಗಲಿಗೆ ಅಂಟಿಕೊಂಡಿತು. ಅಂದಹಾಗೆ, ಕರಡು ತಿದ್ದುವುದು ಅವನ ಕೆಲಸ, ಹಾಗಾಗಿ ಕರಡಪ್ಪ. ಈಗೀಗ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಕ್ಯಾನು ಹೊತ್ತವನು ತುದಿ ಕಂಡದ್ದೇ ಇಲ್ಲ. ಏದುಸಿರು ಬಿಡುತ್ತ ಅರ್ಧ ಏರುವಷ್ಟರಲ್ಲಿ ಉಳಿದವರು ತುದಿ ನೋಡಿ ಇಳಿದು ಬಂದು, ನೀರು ಕುಡಿದು, ಅವನನ್ನೂ ಹಿಂದಕ್ಕೆ ತಿರುಗಿಸಿಕೊಂಡು ಹೊರಟುಬಿಡುತ್ತಿದ್ದರು. ಮನೆಯಲ್ಲಿ ಮಗಳು "ಮೇಲೆ ಏನಿತ್ತಪ್ಪಾ?" ಎಂದು ಕೇಳಿದರೆ ಪ್ರತಿ ವರ್ಷ ಒಂದೊಂದು ಸುಳ್ಳು. ಪಾಪದ ಮನುಷ್ಯ, ಕಳೆದ ಸಲ ಜಿಂಕೆಗಳನ್ನೂ ಬಿಟ್ಟಿದ್ದ. ಈ ವರ್ಷ ಸುಳ್ಳಿನ ದಾಸ್ತಾನು ಮುಗಿದಿತ್ತು. ಏನಾದರಾಗಲಿ, ತುದಿ ನೋಡಿಯೇ ತೀರಬೇಕು.

ಆದ್ದರಿಂದಲೇ ಆ ಭಾನುವಾರ ಬೆಟ್ಟದ ಬುಡದಲ್ಲಿ ವ್ಯಾನು ನಿಂತದ್ದೇ ತಡ, ಎದುರಿದ್ದ ಚಾರಣದ ಸಾಮಾನಿನ ಅಂಗಡಿಗೆ ಅವನು ಕಾಲಿಟ್ಟ.

"ನೀರು ಶುದ್ಧ ಮಾಡೋ ಫಿಲ್ಟರ್ ಬೇಕು. ಹಗುರ ಇರ್ಬೇಕು."

"ಯಾಕೋ ಫಿಲ್ಟರ್ರು? ಕ್ಯಾನಿದೆಯಲ್ಲ!" ಎಂದ ಹಿಂದೆಯೇ ನುಗ್ಗಿದ ಬೈಂಡರು.

"ಹೊತ್ಕೊಂಡು ಹೋಗೋದ್ಯಾಕೆ? ದಾರೀಲಿ ಸಿಕ್ಕಿದ ನೀರು ಸೋಸ್ಕೊಂಡು ಕುಡಿಯೋದು. ಎಲ್ರೂ ಕೈ ಬೀಸ್ಕೊಂಡು ಹತ್ತಬಹುದು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಚ್ಚುಕೂಟದ ಯಜಮಾನರಿಗೆ ಇದು ಹಿಡಿಸಿತು. ಅವರು ಒಳಗೆ ಬಂದ ಮೇಲೆ ಇಡೀ ಅಚ್ಚುಕೂಟವೇ ಬಂತು. ಅಂಗಡಿಯವನು ಗಲ್ಲಾದ ಮೇಜಿನ ಮೇಲೆ ಫಿಲ್ಟರುಗಳನ್ನು ಸಾಲಾಗಿ ಜೋಡಿಸಿದ.

ಬೈಂಡರು ಎತ್ತಿಕೊಂಡದ್ದು ಸೈಕಲ್ ಪಂಪಿನ ಹಾಗಿದ್ದ ಒಂದು ಕಬ್ಬಿಣದ ತುಂಡು. "ಇದು ನೋಡು! ಕೈಗೆ ಹಿಡಿದ್ರೆ ಒಂದು ವಸ್ತು ಅನ್ನಿಸ್ಬೇಕು."

"ಕ್ಯಾನಿಗಿಂತ ಇದೇ ಭಾರ ಆಯ್ತಲ್ಲೋ!" ಎಂದರು ಯಜಮಾನರು.

ಟೈಪಿಂಗ್ ಮಾಡುವ ಅಕ್ಕ ಪೆನ್ನಿನಂಥ ಕೊಳವೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಹಳ್ಳಕ್ಕೆ ಇದನ್ನ ಇಟ್ಟು ಹೀರಬೇಕಂತೆ. ಬೈಂಡರು ಬಾಯಿ ಹಾಕಿದ್ದಕ್ಕೆ ನಾನು ಬಾಯಿ ಹಾಕ್ಬೇಕಾ? ಸತ್ರೂ ಆಗಲ್ಲ!"

"ನಂಗೂ ಹಾಗೇ ಅಕ್ಕಾ," ಎಂದ ಬೈಂಡರು ಮುಖ ಊದಿಸಿಕೊಂಡು.

ಕರಡಪ್ಪ ಮಾತ್ರ ಫಿಲ್ಟರುಗಳ ಕಡೆ ನೋಡಲೇ ಇಲ್ಲ. ಡಬ್ಬಿಯೊಳಗಿನ ಸೂಚನೆಯ ಚೀಟಿಗಳನ್ನು ಬಿಡಿಸಿ, ಕಿವಿಯ ಮೇಲಿನ ಪೆನ್ನು ತೆಗೆದು ಓದತೊಡಗಿದ. ಒಂದನ್ನು ಓದಿ ತಳ್ಳಿದ, ಇನ್ನೊಂದನ್ನೂ ತಳ್ಳಿದ. "ಮೊದಲ ಸಾಲಲ್ಲೇ ಅಚ್ಚಿನ ತಪ್ಪು! ಅಕ್ಷರ ಸೋಸೋಕಾಗದೋರು ನೀರೇನು ಸೋಸ್ತಾರೆ?"

ಕೊನೆಗೊಂದು ಚೀಟಿಯಲ್ಲಿ ಎಷ್ಟು ತಡಕಿದರೂ ತಪ್ಪು ಸಿಗಲಿಲ್ಲ. ಅದು ಬದನೆಕಾಯಿಯಷ್ಟೇ ಇದ್ದ ಫಿಲ್ಟರು. ಜೊತೆಗೊಂದು ತೆಳು ಚೀಲ. ಚೀಲಕ್ಕೆ ನೀರು ತುಂಬಿ, ಅದರ ಬಾಯಿಗೆ ಫಿಲ್ಟರು ತಿರುಗಿಸಿ ಕೂರಿಸಿ ಹಿಂಡಿದರೆ ಆಯಿತು. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಯಾರ ಮಾತಿಗೂ ಕಾಯದೆ ಅದನ್ನೇ ಕೊಂಡುಬಿಟ್ಟ.

"ನಿಜಕ್ಕೂ ಕೆಲಸ ಮಾಡುತ್ತಾ?" ಯಜಮಾನರು ಅನುಮಾನಪಟ್ಟರು.

ಅಂಗಡಿಯ ಪಕ್ಕದಲ್ಲೇ ಒಂದು ಹೊಂಡವಿತ್ತು. ನೀರು ಹಸಿರೋ ಹಸಿರು. ಮೇಲೆ ಬಾತುಕೋಳಿಗಳ ಸಂಸಾರ. ಕರಡಪ್ಪ ಚೀಲ ಮುಳುಗಿಸಿ, ತುಂಬಿ, ಹಿಂಡಿದ. ಲೋಟಕ್ಕೆ ಬಿದ್ದ ನೀರು ಕನ್ನಡಿಯ ಹಾಗಿತ್ತು. ಅವನು ಕಣ್ಣು ಮುಚ್ಚಿ ಗಟಗಟ ಕುಡಿದ.

ಬೈಂಡರು ಅವನ ಹಣೆ ಮುಟ್ಟಿ ನೋಡಿದ. "ಏನಾದ್ರೂ ಆಗ್ತಿದ್ಯೇನೋ?"

"ಆಗ್ತಿದೆ. ಇನ್ನೊಂದು ಲೋಟ ಕುಡಿಯೋಣ ಅನ್ನಿಸ್ತಿದೆ."

ಯಜಮಾನರು ಕುಡಿದರು. ಅಕ್ಕನೂ ಲೋಟ ತೊಳೆಸಿಕೊಂಡು ಕುಡಿದರು. ಚಪ್ಪಾಳೆಯೋ ಚಪ್ಪಾಳೆ! "ಕರಡಪ್ಪ, ಇಷ್ಟು ವರ್ಷ ನಿನ್ನ ಬುದ್ಧೀನ ಎಲ್ಲಿ ಅಡಗಿಸಿ ಇಟ್ಟಿದ್ದೆಯೋ?" ಎಂದು ಯಜಮಾನರು ಬೆನ್ನು ತಟ್ಟಿದರು. ಅವನಿಗೆ ಆನಂದ ತಡೆಯಲಾಗಲಿಲ್ಲ. ವ್ಯಾನಿನಿಂದ ಕ್ಯಾನನ್ನು ದರದರ ಎಳೆದು ತಂದ, ಮುಚ್ಚಳ ಬಿಚ್ಚಿದ, ಎಲ್ಲರೂ ನೋಡುತ್ತಿರುವಂತೆ ತಲೆಕೆಳಗು ಮಾಡಿದ. ವರ್ಷಗಳ ಭಾರವೆಲ್ಲ ಗುಳುಗುಳು ಎಂದು ಚರಂಡಿ ಸೇರಿತು. ಜನ ಜೈಕಾರ ಹಾಕಿದರು. ಅವನ ಕಣ್ಣಲ್ಲಿ ನೀರೇ ಬಂತು.

ಗಲಾಟೆ ಕೇಳಿ ಅಂಗಡಿಯವನು ಹೊರಗೆ ಬಂದ. "ಯಾವ ಕಡೆ ಹೊರಟ್ರಿ?"

"ಇಲ್ಲೇ, ಈ ಬೆಟ್ಟಕ್ಕೆ!" ಕರಡಪ್ಪ ಎದೆಯುಬ್ಬಿಸಿ ಬೆರಳು ತೋರಿಸಿದ.

"ಇದಕ್ಕಾ? ಬರೀ ಬಂಡೆ ಸ್ವಾಮೀ. ಬುಡ ಬಿಟ್ರೆ ತುದೀವರೆಗೂ ಒಂದು ತೊಟ್ಟು ನೀರಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತಲ್ಲ ನಿಮ್ಮ ಕಥೆ!"

ಪ್ರತಿ ವರ್ಷ ಈ ಬೆಟ್ಟ ಹತ್ತುವವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಕ್ಯಾನು ಇದ್ದಾಗ ನೀರು ಹುಡುಕಿದವರು ಯಾರು?

"ಮೊದಲೇ ಹೇಳ್ಬಾರದಿತ್ತಾ?" ಕರಡಪ್ಪನ ದನಿ ಅಳುವಂತಿತ್ತು.

"ನೀವು ಫಿಲ್ಟರ್ ಕೇಳಿದ್ರಿ. ನೀರು ಎಲ್ಲಿ ಕೇಳಿದ್ರಿ?"

"ನಿಮ್ಮ ನಲ್ಲೀಲಿ...?"

"ಸಂಜೆಗೆ ಬರುತ್ತೆ."

ಎಲ್ಲರ ಕಣ್ಣೂ ಚರಂಡಿಯ ಮೇಲಿಂದ ಮೆಲ್ಲಗೆ ಹೊಂಡದ ಕಡೆ ತಿರುಗಿತು. ಯಜಮಾನರೇನೂ ಎದೆಗುಂದಲಿಲ್ಲ. "ಅಯ್ಯೋ, ಫಿಲ್ಟರ್ ಇರೋವಾಗ ಹೆದರಿಕೆ ಏನು? ಕ್ಯಾನಿಗೆ ಈ ನೀರೇ ತುಂಬ್ಸಿ!"

"ಸಾರ್, ಇಲ್ಲೇ ಸೋಸಿ ತುಂಬಿದ್ರೆ..."

"ಚೀಲಚೀಲ ಹಿಂಡ್ತಾ ಕೂತ್ರೆ ಬಿಸಿಲೇರುತ್ತೆ. ಅರ್ಧ ದಾರೀಲಿ ಬಾಯಾರಿದಾಗ ಹಿಂಡ್ಕೊಂಡ್ರಾಯ್ತು."

ಬಾತುಕೋಳಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಕ್ಯಾನು ಕುತ್ತಿಗೆಯವರೆಗೆ ತುಂಬಿತು. ಬೈಂಡರು ಅದನ್ನು ಎತ್ತಿ, "ಒಂಚೂರು ಹಿಡ್ಕೊಂಡಿರು" ಎಂದು ಕರಡಪ್ಪನ ಹೆಗಲಿಗೇರಿಸಿದ.

ಮೊಣಕಾಲು ಬಗ್ಗಿದ ಕರಡಪ್ಪನನ್ನು ಕಂಡು ಯಜಮಾನರ ಮನಸ್ಸು ಕರಗಿತು.

"ಛೇ, ಪ್ರತಿ ಸಲ ಎಲ್ಲಾ ನೀನೊಬ್ಬನೇ ಹೊರೋದು ತಪ್ಪು ಕಣಯ್ಯಾ. ಈ ಸಲ ಭಾರ ಹಂಚ್ಕೊಳ್ಳೋಣ," ಎನ್ನುತ್ತ ಫಿಲ್ಟರನ್ನು ಅವನ ಕೈಯಿಂದ ತೆಗೆದು ತಮ್ಮ ಅಂಗಿಯ ಜೇಬಿಗಿಟ್ಟುಕೊಂಡರು. "ಇದನ್ನ ನಾನು ಹೊರ್ತೀನಿ. ನೀನು ನೀರು ತಗೊಂಡು ನಿಧಾನಕ್ಕೆ ಬಾ."