ನರಸಮ್ಮನ ಎರಡು ಹೆಬ್ಬೆಟ್ಟು

ಹೋಗುತ್ತಿರುವುದು ಅಕ್ಕಿ ಗಿರಣಿಗೆ, ಬಿಳಿ ಶರಟು ಬೇಡ ಎಂದು ಹೆಂಡತಿ ಕಮಲ ಎರಡು ಸಲ ಹೇಳಿದಳು. ಸುಬ್ಬಕೃಷ್ಣ ಕೇಳಲಿಲ್ಲ. ಸರ್ಕಾರಿ ಅಧಿಕಾರಿ ಎಂದ ಮೇಲೆ ದೂರದಿಂದಲೇ ಗೊತ್ತಾಗಬೇಡವೇ?

ಅಧಿಕಾರಿಯಾಗಿ ಆರು ತಿಂಗಳಷ್ಟೇ ಆಗಿತ್ತು. ಅದಕ್ಕೆ ಮುಂಚೆ ಏಳು ವರ್ಷ ಅವನು ತುಮಕೂರಿನ ಗಿರಣಿ ಮಾಲೀಕರ ಸಂಘದ ಕಾರ್ಯದರ್ಶಿ. ಯಾರಾದರೂ ಹೊಗೆಯ ದೂರು ಕೊಟ್ಟರೆ ಬೆಂಗಳೂರಿಗೆ ಓಡಿ, ಅದು ಹೊಗೆಯಲ್ಲ, ಬರೀ ಆವಿ, ಸೊಳ್ಳೆಗೂ ಒಳ್ಳೆಯ ಮದ್ದು ಎಂದು ವಾದಿಸಿ ಬರುವುದೇ ಕೆಲಸ. ಎಂಬತ್ತನಾಲ್ಕರಲ್ಲಿ ಸರ್ಕಾರ ಹೊಗೆ ತಡೆಯಲು ಕಚೇರಿ ತೆರೆದಾಗ, ಹೊಗೆಯ ವಿಷಯ ಬಲ್ಲವನೆಂದು ಇವನನ್ನೇ ತೆಗೆದುಕೊಂಡಿತು. ಹಾಲಿನ ಕಾವಲಿಗೆ ಬೆಕ್ಕನ್ನು ಕೂರಿಸಿದ ಹಾಗೆ.

ಆರು ತಿಂಗಳಲ್ಲಿ ಒಂದು ಕೇಸೂ ಇಲ್ಲ. "ಇವತ್ತು ಐದು ಗಂಟೆಯೊಳಗೆ ಒಂದಾದ್ರೂ ಕೇಸು ತನ್ನಿ. ಇಲ್ದಿದ್ರೆ ನಾಳೆಯಿಂದ ಬರೋದು ಬೇಡ" ಎಂದಿದ್ದರು ಮೇಲಧಿಕಾರಿ ಚನ್ನವೀರಯ್ಯ.

ಗುಬ್ಬಿಯಲ್ಲಿ ಮಹಾಲಿಂಗಯ್ಯನ ಗಿರಣಿಯ ಚಿಮಣಿ ಎಮ್ಮೆ ಬಾಲ ಬೀಸಿದ ಹಾಗೆ ಕರಿ ಹೊಗೆ ಬೀಸುತ್ತಿತ್ತು. ಮಹಾಲಿಂಗಯ್ಯ ಕೋಪಿಸಿಕೊಳ್ಳಲಿಲ್ಲ. ಸುಬ್ಬಕೃಷ್ಣನಿಗೆ ಅದೇ ದಿಗಿಲು.

"ಬರ್ಕೊಳ್ಳಿ ಸಾರ್. ಪಕ್ಕದ ಮನೆಯೋರ ಸಾಕ್ಷಿ ಬೇಕಲ್ವಾ? ನರಸಮ್ಮ ಇದಾಳೆ. ನಿಮಗೆ ಗುರುತಿರ್ಬೇಕು."

ನರಸಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ಹಪ್ಪಳದ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಮಸಿ ಬಿದ್ದಿತ್ತು.

"ಹೊಗೆಯಿಂದ ತೊಂದ್ರೆ ಅಂತ ಇಲ್ಲೊಂದು ಹೆಬ್ಬೆಟ್ಟು ಒತ್ತಮ್ಮ."

"ಯಾವ ಹೊಗೆ? ನಾಕು ವರ್ಸದ ಹಿಂದೆ ನೀನೇ ಬಂದು, ಹೊಗೇನೇ ಇಲ್ಲ ಅಂತ ಒತ್ತಿಸ್ಕೊಂಡು ಹೋಗ್ಲಿಲ್ವಾ? ಸ್ಟೀಲ್ ಚೊಂಬು ಬೇರೆ ಕೊಟ್ಟಿದ್ದೆ."

"ಅದು ಆಗಿನ ಮಾತು."

"ಆಗ ಹೊಗೆ ಇರ್ಲಿಲ್ವಾ?"

"ಇತ್ತು."

"ಮತ್ತೆ?"

ಸುಬ್ಬಕೃಷ್ಣ ಗಡಿಯಾರ ನೋಡಿಕೊಂಡ. ಎರಡೂವರೆ.

"ಇಲ್ಲೇ ನಿಂತಿರು. ಉಂಡು ಬರ್ತೀನಿ. ಕಾಗೆ ಬಂದ್ರೆ ಓಡ್ಸು" ಎಂದು ನರಸಮ್ಮ ಒಳಗೆ ಹೋದಳು.

ಮುಕ್ಕಾಲು ಗಂಟೆ ಸರ್ಕಾರ ಕಾಗೆ ಓಡಿಸಿತು. ಅವಳು ಎಲೆಅಡಿಕೆ ಮೆಲ್ಲುತ್ತ ಹೊರಗೆ ಬಂದಾಗ ಅವನ ಶರಟಿಗೂ ಹಪ್ಪಳಕ್ಕೂ ವ್ಯತ್ಯಾಸವಿರಲಿಲ್ಲ.

"ಈಗ ನಿಜ ಹೇಳೋನಂಗೆ ಕಾಣ್ತೀಯ ಬುಡು" ಎಂದು ನಕ್ಕವಳೇ, ಅವನ ಕಾಲರಿನ ಮಸಿಗೆ ಹೆಬ್ಬೆರಳು ಉಜ್ಜಿ ಕಾಗದಕ್ಕೆ ಒತ್ತಿದಳು.

ತುಮಕೂರಿನ ಬಸ್ಸಿನಲ್ಲಿ ಪಕ್ಕ ಯಾರೂ ಕೂರಲಿಲ್ಲ. ದಾರಿಯಲ್ಲಿ ಮಹಾಲಿಂಗಯ್ಯನ ಜೀಪು ಹಿಂದಿನಿಂದ ಬಂದು ಮುಂದೆ ಹೋಯಿತು. ಒಳಗಿನಿಂದ ಒಂದು ಕೈ ನಮಸ್ಕಾರ ಮಾಡಿತು.

ಕಚೇರಿ ಸೇರಿದಾಗ ಐದಕ್ಕೆ ಇಪ್ಪತ್ತು ನಿಮಿಷ. ಚನ್ನವೀರಯ್ಯನವರ ಮೇಜಿನ ಮೇಲೆ ಆಗಲೇ ಒಂದು ಹಳೆಯ ಕಾಗದವಿತ್ತು.

"ಮಹಾಲಿಂಗಯ್ಯ ಕೊಟ್ಟು ಹೋದ್ರು. ಹೊಗೆ ಇಲ್ಲ ಅಂತ ಇದೇ ನರಸಮ್ಮನ ಹೆಬ್ಬೆಟ್ಟು. ಒಂದು ಕಾಗದಾನೂ ಬಿಸಾಕ್ಬೇಡಿ ಅಂತ ಸಂಘದ ಕಾರ್ಯದರ್ಶಿಗಳೇ ಹೇಳ್ಕೊಟ್ಟಿದ್ರಂತೆ. ಎರಡರಲ್ಲಿ ಯಾವುದ್ರೀ ಸುಳ್ಳು?"

"ಹಳೇದು ಸಾರ್."

"ಹಾಗಂತ ಬರ್ಕೊಡಿ."

ಸುಬ್ಬಕೃಷ್ಣ ಸರಸರನೆ ಬರೆದು ಸಹಿ ಹಾಕಿದ. ಚನ್ನವೀರಯ್ಯ ಹಳೆಯ ಕಾಗದದ ಕೆಳಗಿದ್ದ ಕಾರ್ಯದರ್ಶಿಯ ಸಹಿಯನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಮಿಲ್ಲಿನ ಕೇಸು ಇನ್ನು ನಿಲ್ಲೋದು ಕಷ್ಟ. ಸರ್ಕಾರಕ್ಕೆ ಸುಳ್ಳು ಸಾಕ್ಷಿ ಕೊಟ್ಟೋನ ಕೇಸು ಮಾತ್ರ ಗಟ್ಟಿ. ಆರೋಪಿ ಹೆಸರು ತುಂಬಿ."

ಸುಬ್ಬಕೃಷ್ಣ ತನ್ನ ಹೆಸರನ್ನೇ ತುಂಬಿದ. "ಸಾರ್, ನನ್ನ ಕೆಲಸ?"

"ಮಾತು ಅಂದ್ರೆ ಮಾತು. ಐದರೊಳಗೆ ಕೇಸು ತಂದಿದೀರಿ, ಕೆಲಸ ಉಳೀತು. ಬೆಳಿಗ್ಗೆ ಆರೋಪಿ ಮನೆಗೆ ಹೋಗಿ ನೋಟೀಸು ಕೊಟ್ಬನ್ನಿ. ಪಕ್ಕದ ಮನೆಯೋರ ಸಾಕ್ಷಿ ಮರೀಬೇಡಿ."