ಮುನ್ನೂರು ಕಿಲೋಮೀಟರಿಗೆ ಒಂದು ತಾಸು

ಇಲ್ಲದ ದೊಡ್ಡಪ್ಪನೊಬ್ಬನನ್ನು ಹೈದರಾಬಾದಿನಲ್ಲಿ ಹುಟ್ಟಿಸಿ, ಅದೇ ದಿನ ಸಾಯಿಸಿ, ಸಿದ್ದಲಿಂಗೇಶ ಎರಡು ದಿನ ರಜೆ ಪಡೆದಿದ್ದ. ಹೊಸಪೇಟೆಯ ಬೀಜದ ಕಂಪನಿಯ ಗುಮಾಸ್ತನಿಗೆ ಕಂಪ್ಲಿಯ ಅತ್ತೆಮನೆಯ ಗೃಹಪ್ರವೇಶಕ್ಕೆ ರಜೆ ಸಿಗುವುದಿಲ್ಲ, ಸಾವಿಗೆ ಸಿಗುತ್ತದೆ.

ಬೆಳಿಗ್ಗೆ ಹತ್ತೂವರೆಗೆ, ಮೊದಲ ಪಂಕ್ತಿಯಲ್ಲಿ, ಮೂರನೆಯ ಹೋಳಿಗೆಯ ಮೇಲೆ ತುಪ್ಪ ಬೀಳುವಾಗ ಮ್ಯಾನೇಜರ್ ಚನ್ನಯ್ಯನವರ ಫೋನು ಬಂತು.

"ಬೀರುವಿನ ಕೀಲಿ ಎಲ್ಲೈತ್ರಿ? ಹೆಡ್ ಆಫೀಸ್ ಸಾಹೇಬ್ರು ಅದರಾಗಿನ ಫೈಲು ನೋಡಾಕ ಇವತ್ತ ಬರಾಕತ್ತಾರ."

ಸಿದ್ದಲಿಂಗೇಶ ಜೇಬು ಮುಟ್ಟಿ ನೋಡಿಕೊಂಡ. ಕೀಲಿ ತೊಡೆಗೆ ಚುಚ್ಚಿತು. "ನನ್ನ ಕಡೆನ ಐತ್ರಿ ಸರ್. ಆದ್ರ ನಾನು ಹೈದರಾಬಾದ್‌ನಾಗ..."

ಅಷ್ಟರಲ್ಲಿ ಬಾಗಿಲಲ್ಲಿ ವಾಲಗ ಶುರುವಾಯಿತು.

"ಸತ್ತ ಮನ್ಯಾಗ ವಾಲಗ ಏನ್ರಿ?"

"ಇಲ್ಲಿ ದೊಡ್ಡೋರನ್ನ ಹಂಗ ಕಳಸ್ತಾರ್ರಿ."

"ಅಳಿಯಂದ್ರ, ಇನ್ನೊಂದು ಹೋಳ್ಗಿ ಹಾಕ್ಲೇನ್ರಿ?" ಎಂದು ಅತ್ತೆ ಜಂಬಮ್ಮ ಫೋನಿಗೇ ಬಡಿಸುವಂತೆ ಬಾಗಿದಳು. ಸಿದ್ದಲಿಂಗೇಶ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ದುಃಖದಾಗ ಊಟ ಸೇರವಲ್ದು ಸರ್" ಎಂದ.

ಆಚೆ ಆಫೀಸಿನಲ್ಲಿ ಸಹೋದ್ಯೋಗಿ ಭವ್ಯಳ ದನಿ ಕೇಳಿತು. ಯಾರೂ ಕೇಳದಿದ್ದರೂ ಲೆಕ್ಕ ಹೇಳುವುದು ಅವಳ ಸ್ವಭಾವ. "ಸರ್, ಹೈದರಾಬಾದಿಂದ ತೋರಣಗಲ್ಲ ಏರ್‌ಪೋರ್ಟಿಗೆ ಆಕಾಶದಾಗ ಮುನ್ನೂರು ಕಿಲೋಮೀಟರ್ ಸೈತ ಇಲ್ರಿ. ಒಂದು ತಾಸು ಅಷ್ಟ."

"ಕೇಳಿಸ್ತೇನ್ರಿ?" ಎಂದರು ಚನ್ನಯ್ಯ. "ಸಾಹೇಬ್ರು ಅಲ್ಲಿಂದ ಬರೋ ವಿಮಾನಾನ ಹತ್ತ್ರಿ. ಒಂದೂವರಿಗೆ ಇಳಿತೈತಿ. ನಾನ ಕಾರ್ ತರ್ತೀನಿ."

ಹೈದರಾಬಾದಿನಿಂದ ತೋರಣಗಲ್ಲು ಒಂದು ತಾಸು. ಕಂಪ್ಲಿಯಿಂದ ಐವತ್ತೇ ಕಿಲೋಮೀಟರು, ಆದರೆ ರಸ್ತೆ ಕೆಟ್ಟದ್ದು, ಎರಡು ತಾಸು. ತಾನು ನಿಜವಾಗಿಯೂ ಹೈದರಾಬಾದಿನಲ್ಲಿದ್ದಿದ್ದರೆ ಎಷ್ಟು ಹತ್ತಿರವಿರುತ್ತಿದ್ದೆ ಎಂದು ಸಿದ್ದಲಿಂಗೇಶನಿಗೆ ಅಳುವೇ ಬಂತು.

ಭಾವಮೈದುನ ಯಲ್ಲೇಶ ಬೈಕು ತೆಗೆದ. ಕುಡತಿನಿಯಲ್ಲಿ ಪಂಕ್ಚರ್. ಕುರೆಕುಪ್ಪದ ಹತ್ತಿರ ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳಿನಲ್ಲಿ ಸಿಕ್ಕು, ವಿಮಾನ ನಿಲ್ದಾಣ ಮುಟ್ಟುವಷ್ಟರಲ್ಲಿ ಇಬ್ಬರೂ ಭಟ್ಟಿಯಿಂದ ಆಗಷ್ಟೇ ತೆಗೆದ ಇಟ್ಟಿಗೆಗಳಂತೆ ಕೆಂಪಾಗಿದ್ದರು. ಗಂಟೆ ಒಂದೂಮುಕ್ಕಾಲು. ಯಲ್ಲೇಶನನ್ನು ಮರದ ಹಿಂದೆ ನಿಲ್ಲಿಸಿ ಸಿದ್ದಲಿಂಗೇಶ ಓಡಿದ.

ಚನ್ನಯ್ಯನವರು ಕಾರಿನ ಸೀಟು ಹಿಂದಕ್ಕೆ ಚಾಚಿ ಬಾಯಿ ತೆರೆದು ಮಲಗಿದ್ದರು. ದೇವರು ದೊಡ್ಡವನು.

"ಸರ್, ಬಂದೆ."

ಅವರು ಕಣ್ಣುಜ್ಜಿದರು. "ಮಾರಿ ಯಾಕ್ರಿ ಹಿಂಗ ಕೆಂಪಗೈತಿ?"

"ಅತ್ತೀನ್ರಿ, ಭಾಳ."

"ಸಾಹೇಬ್ರೆಲ್ಲಿ?"

"ಮುಂದಿನ ಸೀಟಿನ್ಯಾಗ ಇದ್ರು. ಬ್ಯಾಗಿಗೆ ನಿಂತಾರ್ರಿ."

"ವಿಮಾನ ಹೆಂಗಿತ್ತು?"

ಬದುಕಿನಲ್ಲಿ ಒಮ್ಮೆಯೂ ವಿಮಾನ ಹತ್ತದ ಸಿದ್ದಲಿಂಗೇಶನಿಗೆ ಉತ್ಸಾಹ ಉಕ್ಕಿತು. "ಮಸ್ತ್ ಸರ್. ಮ್ಯಾಲಿಂದ ಡ್ಯಾಮು ತಾಟಿನಂಗ ಕಾಣತಿತ್ತು. ಇಳಿಯೂಮುಂದ ಒಂಚೂರು ಸೈತ ಅಳ್ಳಾಡ್ಲಿಲ್ಲ. ಸಾಹೇಬ್ರು ನನ್ನ ನೋಡಿ ನಕ್ರು."

ಚನ್ನಯ್ಯನವರ ಫೋನು ಬಡಿದುಕೊಂಡಿತು. "ಹೌದ್ರಿ ಸಾಹೇಬ್ರ... ಹೌದೇನ್ರಿ... ಆತ್ರಿ, ಕಳಸ್ತೀನ್ರಿ." ಫೋನಿಟ್ಟು ಅವರು ಗುಮಾಸ್ತನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮೋಡ ಜಾಸ್ತಿ ಅಂತ ವಿಮಾನ ಅರ್ಧ ದಾರಿಯಿಂದ ಹೊಳ್ಳಿ ಹೋತಂತ. ಸಾಹೇಬ್ರು ಹೈದರಾಬಾದ್‌ನಾಗ ಕುಂತಾರ. ನೀವೊಬ್ರ ನಡುವ ಇಳಿದ್ರೇನು?"

ಸಿದ್ದಲಿಂಗೇಶ ಜೇಬಿನಿಂದ ಕೀಲಿ ತೆಗೆದು ಮುಂದೆ ಚಾಚಿದ. ಅದರ ಜೊತೆ ಧೂಳೂ ಬಂತು.

"ಇರ್ಲಿ ಬಿಡ್ರಿ," ಎಂದು ಚನ್ನಯ್ಯ ಕಾರಿನ ಬಾಗಿಲು ತೆರೆದರು. "ಫೈಲು ನಾಳೆ ಮುಂಜಾನಿ ಅವರ ಮೇಜಿನ ಮ್ಯಾಲ ಇರಬೇಕಂತ. ಸಂಜಿ ಹೈದರಾಬಾದ್ ಬಸ್ಸಿಗೆ ನೀವ ಒಯ್ರಿ. ಒಂಬತ್ತು ತಾಸು ಆಗ್ತೈತಿ. ಹೆಂಗಿದ್ರೂ ದಾರಿ ಬಲ್ಲೋರು ನೀವು."