ರಸ್ತೆ ಕಾಣದ ಬಿಳಿ ಶೂ

ಶೂ ಕೊಳೆಯಾಯಿತೆಂದು ಪೇಚಾಡುವ ಗಂಡಸರು ಎಷ್ಟೋ ಮಂದಿ. ತಮ್ಮ ಶೂ ಕೊಳೆಯೇ ಆಗಲಿಲ್ಲವಲ್ಲ ಎಂದು ಕೈಕಾಲು ಬಿಟ್ಟವರು ನಮ್ಮ ಟೈರ್ ಸಾಹುಕಾರರೊಬ್ಬರೇ ಇರಬೇಕು.

ಮೂರು ತಿಂಗಳ ಹಿಂದೆ ಡಾಕ್ಟರು ಅವರ ರಕ್ತದ ರಿಪೋರ್ಟು ನೋಡಿ, ದಿನಾ ಮುಕ್ಕಾಲು ಗಂಟೆ ನಡೆಯಲೇಬೇಕು ಎಂದಿದ್ದರು. ಹೆಂಡತಿ ಅಂದೇ ಕಾಫಿಯ ಸಕ್ಕರೆಗೆ ಕತ್ತರಿ ಹಾಕಿದಳು.

"ಮೂರು ತಿಂಗಳು ಒಂದು ದಿನಾನೂ ತಪ್ಪಿಸದೆ ನಡೀರಿ. ಆಮೇಲೆ ಒಂದು ಚಮಚ ಹಾಕ್ತೀನಿ."

ಸಾಹುಕಾರರು ಅವಳನ್ನೂ ಕರೆದುಕೊಂಡು ಶೂ ಅಂಗಡಿಗೆ ಹೋದರು. ಟೈರು ಪರೀಕ್ಷಿಸುವ ಗತ್ತಿನಲ್ಲಿ ಒಂದೊಂದು ಶೂವಿನ ತಳವನ್ನೂ ಬಗ್ಗಿಸಿ, ಉಗುರಿನಿಂದ ಗೀರಿ, ಕೊನೆಗೊಂದು ಬಿಳಿ ಜೋಡಿ ಎತ್ತಿಕೊಂಡರು. "ಹೆಂಗಿದೆ ನೋಡೇ ರಬ್ಬರು! ದಿನಾ ತುಳಿದ್ರೂ ಹತ್ತು ವರ್ಷ ಸವೆಯಲ್ಲ." ರಬ್ಬರಿನ ವಿಷಯದಲ್ಲಿ ಅವರ ಮಾತಿಗೆ ಎದುರಾಡುವವರಿಲ್ಲ. ಹೊಸ ಟೈರಿನ ಮೈಮೇಲೆ ಕೂದಲಿನಂಥ ಸಣ್ಣ ಸಣ್ಣ ಎಳೆಗಳಿರುತ್ತವಲ್ಲ, ಅವನ್ನು ಗಿರಾಕಿಯ ಕೈಯಿಂದಲೇ ಮುಟ್ಟಿಸಿ, "ನೋಡಿ ಸಾರ್, ರಸ್ತೆನೇ ಕಂಡಿಲ್ಲ ಇದು" ಎಂದು ಇಪ್ಪತ್ತು ವರ್ಷದಿಂದ ವ್ಯಾಪಾರ ಮಾಡುತ್ತ ಬಂದವರು ಅವರು. ಅಷ್ಟೇ ವರ್ಷದಿಂದ ಮಧ್ಯಾಹ್ನದ ಹೊತ್ತು ಗಲ್ಲಾದಲ್ಲಿ ಕೂತು ಹೆಂಡತಿ ಅದನ್ನು ಕೇಳಿಸಿಕೊಂಡಿದ್ದಾಳೆ.

ಮನೆ ಮಹಡಿಯ ಮೇಲೆ, ಅಂಗಡಿ ಕೆಳಗೆ. ಸಾಹುಕಾರರ ಮಹಾಸಂಚಾರ ಹೀಗೆ: ಬೆಳಗ್ಗೆ ಆರಕ್ಕೆ ಶೂ ಏರಿಸಿ, ಹೆಂಡತಿಗೆ ಕಾಣುವಂತೆ ಎರಡು ಸಲ ಕೈ ಬೀಸಿ, "ಬರ್ತೀನಿ ಕಣೇ" ಎಂದು ಹದಿನಾಲ್ಕು ಮೆಟ್ಟಿಲು ಇಳಿಯುವುದು. ಅಂಗಡಿಯ ಹಿಂಬಾಗಿಲ ಬೀಗ ತೆಗೆದು, ಶೂ ಕಳಚಿಟ್ಟು, ಲಾರಿ ಟೈರುಗಳ ನಡುವೆ ಕಾಲು ಚಾಚಿ ಗೊರಕೆ ಹೊಡೆಯುವುದು. ಮುಕ್ಕಾಲು ಗಂಟೆಗೆ ಅಲಾರಾಂ. ಎದ್ದು, ಪಂಕ್ಚರ್ ನೋಡುವ ತೊಟ್ಟಿಯ ನೀರನ್ನು ಹಣೆಗೆ ಚಿಮುಕಿಸಿಕೊಂಡು (ಅದೇ ಬೆವರು) ಏದುಸಿರು ಬಿಡುತ್ತಾ ಮೇಲೆ ಬರುವುದು. ಏದುಸಿರು ಮಾತ್ರ ನಾಟಕವಲ್ಲ. ಅವರಿಗೆ ಆ ಹದಿನಾಲ್ಕು ಮೆಟ್ಟಿಲೇ ಸಾಕಾಗಿತ್ತು.

ಹೀಗಿರುವಾಗ ಶನಿವಾರ ಸಂಜೆ ಹೆಂಡತಿ ಅಕ್ಕರೆಯಿಂದ ಹೇಳಿದಳು. "ರೀ, ನಾಳೆಗೆ ಮೂರು ತಿಂಗಳು ತುಂಬತ್ತೆ. ನಾಳೆ ನಿಮ್ಮ ಶೂನ ಮೆಷಿನ್ನಿಗೆ ಹಾಕಿ ಒಗೀತೀನಿ. ಪಾಪ, ಎಷ್ಟು ದುಡಿದಿವೆಯೋ!"

"ಮೆಷಿನ್ನಿಗಾ? ಡ್ರಮ್ಮು ಒಡೆದು ಹೋಗತ್ತೆ ಕಣೇ! ಮೋಟರು ಸುಡತ್ತೆ!"

"ಏನೂ ಆಗಲ್ಲ. ಲೇಸು ಬಿಚ್ಚಿ, ಒಳಗಿನ ಹಾಸು ತೆಗೆದು, ದಿಂಬಿನ ಕವರಲ್ಲಿ ಕಟ್ಟಿ, ಜೊತೆಗೆ ಎರಡು ಹಳೇ ಟವೆಲ್ ಹಾಕಿದ್ರಾಯ್ತು. ತಣ್ಣೀರು ಸಾಕು."

"ಒಗೆಯೋಕೆ ಅದರಲ್ಲಿ ಏನಿದೆ..." ಎಂದವರು ನಾಲಿಗೆ ಕಚ್ಚಿಕೊಂಡರು.

ಭಾನುವಾರ ಅಂಗಡಿಯಲ್ಲಿ ನಿದ್ದೆಯಿಲ್ಲ. ಸಾಹುಕಾರರು ತೊಟ್ಟಿಯ ತಳದ ಕೆಸರು, ಜಾಕಿನ ಗ್ರೀಸು, ಟೈರಿನ ಕರಿ ಎಲ್ಲವನ್ನೂ ಕಲಸಿ ಶೂಗಳಿಗೆ ಮೆತ್ತಿದರು. ತಳಕ್ಕಂತೂ ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿದರು. ಬಗ್ಗಿ, ಎದ್ದು, ಉಜ್ಜಿ, ಮೂರು ತಿಂಗಳಲ್ಲಿ ಮೊದಲ ಸಲ ನಿಜವಾಗಿ ಬೆವರಿದರು.

ಮೇಲೆ ಬಂದವರ ಶೂ ನೋಡಿ ಹೆಂಡತಿ ಬೆಚ್ಚಿಬಿದ್ದಳು. "ಅಯ್ಯೋ! ಎಲ್ಲಿಗೆ ಹೋಗಿದ್ರೀ?"

"ಕೊನೇ ದಿನ ಅಲ್ವಾ? ಸ್ವಲ್ಪ ಜಾಸ್ತಿನೇ ನಡೆದೆ."

ಅವಳ ಕಣ್ಣಲ್ಲಿ ನೀರಾಡಿತು. "ಒಂದೆರಡು ಸಲ ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ ಕಣ್ರೀ. ನಂದೇ ತಪ್ಪು. ಒಂದಲ್ಲ, ಎರಡು ಚಮಚ ಹಾಕ್ತೀನಿ."

ಸಾಹುಕಾರರಿಗೆ ಹೆಂಡತಿಯನ್ನು ಅಳಿಸಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದರು. ಎರಡು ಚಮಚ ಎಂಬುದು ನೆನಪಾಗಿ ಮುಚ್ಚಿಕೊಂಡರು.

ಮೆಷಿನ್ನು ಧಡ್ ಧಡ್ ಎಂದು ಮನೆಯನ್ನೇ ಅಲ್ಲಾಡಿಸಿತು. ಗಾಜಿನ ಹಿಂದೆ ನೀರು ಕಪ್ಪಾಗಿ ತಿರುಗುತ್ತಿದ್ದರೆ ಸಾಹುಕಾರರು ಸ್ಟೂಲು ಹಾಕಿಕೊಂಡು ಕೂತು, "ನೋಡೇ, ಎಷ್ಟು ಕೊಳೆ! ಎಷ್ಟು ನಡೆದಿದೀನಿ ನೋಡು!" ಎಂದು ಹಿಗ್ಗಿದರು. ಒಗೆತ ಮುಗಿಯುವ ಹೊತ್ತಿಗೆ ಕಾಫಿ ಲೋಟಕ್ಕೆ ಬಿದ್ದಿತ್ತು, ಸಕ್ಕರೆ ಡಬ್ಬಿಯ ಮುಚ್ಚಳ ತೆರೆದಿತ್ತು. "ತಡೀರಿ, ಇದನ್ನ ಬಿಸಿಲಿಗಿಟ್ಟು ಬರ್ತೀನಿ" ಎಂದು ಹೆಂಡತಿ ಶೂ ಹಿಡಿದು ಬಾಲ್ಕನಿಗೆ ಹೋದಳು. ನೀರು ಬಸಿಯಲೆಂದು ಬೋರಲು ಹಾಕಿದಳು.

ಅಲ್ಲಿಂದಲೇ ಕರೆದಳು.

"ರೀ, ಬನ್ನಿ ಇಲ್ಲಿ."

ಸಾಹುಕಾರರು ಹೋದರು. ಮೆಷಿನ್ನು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಕೆಸರು, ಗ್ರೀಸು, ಕರಿ ಎಲ್ಲ ಹೋಗಿ, ಶೂವಿನ ತಳ ಅಂಗಡಿಯಿಂದ ತಂದ ದಿನದ ಹಾಗೆ ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ಕೂದಲಿನಂಥ ಸಣ್ಣ ಸಣ್ಣ ರಬ್ಬರ್ ಎಳೆಗಳು ಸಾಲಾಗಿ ನಿಂತಿದ್ದವು.

ಹೆಂಡತಿ ಅವರ ಹೆಬ್ಬೆರಳು ಹಿಡಿದು ಅದರ ಮೇಲೆ ಆಡಿಸಿದಳು. "ಮುಟ್ಟಿ ನೋಡಿ ಸಾರ್. ರಸ್ತೆನೇ ಕಂಡಿಲ್ಲ ಇದು."

"ಅದು... ಒಳ್ಳೇ ರಬ್ಬರು ಕಣೇ. ಸವೆಯಲ್ಲ ಅಂತ ನಾನೇ ಹೇಳಿರಲಿಲ್ವಾ?"

"ಹೇಳಿದ್ರಿ. ಹತ್ತು ವರ್ಷ ಅಂದಿದ್ರಿ."

ಅವಳು ಒಳಗೆ ಹೋಗಿ ಸಕ್ಕರೆ ಡಬ್ಬಿ ಮುಚ್ಚಿದಳು. ಮೊಳೆಯಲ್ಲಿದ್ದ ಅಂಗಡಿಯ ಹಿಂಬಾಗಿಲ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಳೆಯಿಂದ ನಾನೂ ಜೊತೆಗೆ ಬರ್ತೀನಿ. ಈ ತಳ ಸವೆದು ನುಣ್ಣಗಾಗಲಿ, ಆಮೇಲೆ ಸಕ್ಕರೆ."

ಸಾಹುಕಾರರು ಕಹಿ ಕಾಫಿ ಹಿಡಿದು ಬಾಲ್ಕನಿಯಲ್ಲೇ ನಿಂತರು. ಬಾಳಿನಲ್ಲಿ ಮೊದಲ ಸಲ, ತಾವು ಆರಿಸಿದ ರಬ್ಬರು ಕಳಪೆಯಾಗಿರಲಿ ದೇವರೇ ಎಂದು ಬೇಡಿಕೊಂಡು, ಶೂವಿನ ತಳವನ್ನು ಬಗ್ಗಿಸಿ ಉಗುರಿನಿಂದ ಬಲವಾಗಿ ಗೀರಿ ನೋಡಿದರು.

ಒಂದು ಗೀರೂ ಬೀಳಲಿಲ್ಲ.